ವಿಶ್ರಾಂತ ಅಲ್ಲ, ವಿಕ್ರಾಂತ

ಪ್ರಥಮ್, ಸಾನ್ವಿ,

ನಿಮ್ಮ ಅಜ್ಜಿಗೆ ಮಾತಾಡುವುದಕ್ಕಿಂತ ಬರೆಯುವುದು ಸಲೀಸು. ಎದುರು ಕುಳಿತು ಹೇಳಹೊರಟರೆ ಯಾರಾದರೂ ಬಾಗಿಲು ತಟ್ಟುತ್ತಾರೆ, ನಾನು ಅಲ್ಲಿಗೇ ನಿಲ್ಲಿಸಿ ಒಳಗೆ ಹೋಗಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದಲು ನಿಮಗೆ ನಿಧಾನವಾಗುತ್ತದೆ ಎಂದು ಗೊತ್ತು. ನಿಧಾನವಾಗಿಯೇ ಓದಿ. ಈ ಕತೆಯಲ್ಲಿ ಆದ ಎಡವಟ್ಟೆಲ್ಲ ಅವಸರದಲ್ಲಿ ಓದಿದ್ದರಿಂದಲೇ ಆದದ್ದು.

ಹೋದ ವಾರ ಸಾನ್ವಿಯ ಶಾಲೆಯ ಚಾರ್ಟು ಅಂಟಿಸುವ ಹೊತ್ತಿಗೆ ಗೋಂದು ಮುಗಿದಿತ್ತು. ಹೊರಗೆ ಡೊಂಬಿವಿಲಿಯ ಮಳೆ, ಅಂಗಡಿಗೆ ಇಳಿಯುವ ಹಾಗಿಲ್ಲ. "ಅಜ್ಜಿ, ಕುಛ್ ಕರೋ ನಾ" ಎಂದಳು. ನಾನು ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಚೂರು ಪಟಿಕ ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ನಿಂತೆ. ಹಿಟ್ಟು ಬೆಂದು ಗಂಜಿಯಾಗಿ ಹೊಳಪು ಬರುವಾಗ ಒಂದು ವಾಸನೆ ಏಳುತ್ತದೆ. ಅದು ಮೂಗಿಗೆ ಬಂದದ್ದೇ ತಡ, ನನಗೆ ಒಬ್ಬಳಿಗೇ ನಗು ಬಂತು. ಸಾನ್ವಿ, "ಅಜ್ಜಿ, ಹಸತೇಸ್ ಕಾ?" ಎಂದು ನೀನು ಕೇಳಿದೆ. ಯಾಕೆ ನಕ್ಕೆ ಎಂದು ಈಗ ಹೇಳುತ್ತೇನೆ. ಈ ಕತೆ ನಡೆದಾಗ ನೀನು ತೊಡೆಯ ಮೇಲಿನ ಕೂಸು. ಪ್ರಥಮ್ ಎರಡನೇ ಕ್ಲಾಸು.

ಆ ಮಳೆಗಾಲಕ್ಕೆ ಅಜ್ಜ ಹೋಗಿ ಎರಡು ವರ್ಷವಾಗಿತ್ತು. ಮಳೆ ಹಿಡಿಯುವ ಮೊದಲೇ ಟೀವಿಯಲ್ಲಿ ಸುದ್ದಿ ಬಂತು: ಅಜ್ಜ ದುಡಿದಿದ್ದ, ವಿಮಾನ ಹೊರುವ ಆ ಹಳೆಯ ವಿಕ್ರಾಂತ್ ಹಡಗನ್ನು ಗುಜರಿಗೆ ಕೊಟ್ಟಾಯಿತು, ಬಂದರಿನಿಂದ ಎಳೆದೊಯ್ದು ಒಡೆಯುವ ಜಾಗದಲ್ಲಿ ನಿಲ್ಲಿಸಿದ್ದಾರೆ. ಪ್ರಥಮ್, ನೀನು ಅಡುಗೆಮನೆಗೆ ಓಡಿ ಬಂದು, "ಅಜ್ಜಿ, ಅಜ್ಜನ ಶಿಪ್ ಭಂಗಾರ್ ಮೇ ಗಯಾ!" ಎಂದೆ. ನಾನು ಊರಿನಿಂದ ಮೊದಲ ಸಲ ಬಂದು ಕೋಪರಿಯ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದಾಗ, ಕೆಳಗೆ ಗುಜರಿಯವನು "ಭಂಗಾರ್, ಭಂಗಾರ್" ಎಂದು ಕೂಗುತ್ತಿದ್ದ. ಈ ಊರಿನಲ್ಲಿ ಬಂಗಾರವನ್ನು ಕೈಗಾಡಿಯಲ್ಲಿ ಮಾರುತ್ತಾರೆ ಎಂದು ನಾನು ಬೆರಗಾಗಿದ್ದೆ. ಅಜ್ಜ ಅದನ್ನು ಹೇಳಿ ಹೇಳಿ ನಗುತ್ತಿದ್ದರು. ಆ ದಿನ ನಿನ್ನ ಮಾತು ಕೇಳಿದಾಗ ಮಾತ್ರ, ನಾನು ಮೊದಲು ಕೇಳಿಸಿಕೊಂಡದ್ದೇ ಸರಿ ಅನಿಸಿತು.

ಅದೇ ವಾರ ನಮ್ಮ ಕಟ್ಟಡದ ಸೊಸೈಟಿಯ ಅಧ್ಯಕ್ಷರಾದ ಪಾಟೀಲರು ಗಣಪತಿಯ ಸಭೆ ಕರೆದರು. ಗಣಪತಿಯ ಎದುರು ಪ್ರತಿ ವರ್ಷ ಒಂದು ದೃಶ್ಯ ಕಟ್ಟುತ್ತಾರಲ್ಲ, ದೇಖಾವಾ, ಅದು ಆ ಸಲ ವಿಕ್ರಾಂತ್ ಎಂದು ತೀರ್ಮಾನವಾಯಿತು. ಕೆಳಗಿನ ಪಾರ್ಕಿಂಗಿನಲ್ಲಿ ಎರಡು ಕಾರು ನಿಲ್ಲುವಷ್ಟು ಉದ್ದದ ಹಡಗು! ಥರ್ಮಾಕೋಲಿಗೆ ಆಗ ಇನ್ನೂ ತಡೆ ಇರಲಿಲ್ಲ. ಘಾಟು ಬರುವ ಅಂಟು ಹಾಕಿದರೆ ಥರ್ಮಾಕೋಲು ಕರಗಿ ಹೋಗುತ್ತದೆ. ಮೈದಾ ಅಂಟೇ ಬೇಕು. "ಅಂಟು ನಾನು ಮಾಡಿಕೊಡುತ್ತೇನೆ" ಎಂದು ಪಕ್ಕದ ಮನೆಯ ಸುಮಂಗಲಾಳ ಕಿವಿಯಲ್ಲಿ ಹೇಳಿದೆ. ಸುಮಂಗಲಾ ಬೆಳಗಾವಿಯವಳು, ಕನ್ನಡ ಮರಾಠಿ ಎರಡೂ ನೀರು ಕುಡಿದಂತೆ. ಸಭೆಯಲ್ಲಿ ನನ್ನ ಬಾಯಿ ಅವಳೇ.

ದಿನಾ ಸಂಜೆ ಪಾತ್ರೆ ತುಂಬ ಅಂಟು ಕಾಯಿಸಿ ಕೆಳಗೆ ಒಯ್ಯುವುದು, ಕಂಬದ ಮರೆಯಲ್ಲಿ ನಿಂತು ನೋಡುವುದು. ಎಷ್ಟು ಜನ! ಲೋಕಲ್ ಇಳಿದವರು ಆಫೀಸಿನ ಬ್ಯಾಗು ಮೂಲೆಗಿಟ್ಟು ನೇರ ಕೆಲಸಕ್ಕೆ ಕೂರುತ್ತಿದ್ದರು. ಹಡಗಿನ ತಳ ಎದ್ದಿತು. ಮೇಲಿನ ಹಾಸು ಬಂತು, ಆರು ವಿಮಾನಗಳು ಬಂದವು. ಆಮೇಲೆ ಗೋಪುರ ನಿಲ್ಲಿಸಿದರು. ನೋಡುತ್ತೇನೆ, ಎಡಕ್ಕೆ!

ನೌಕಾಪಡೆಯವರು ಮನೆಮಂದಿಯನ್ನು ಹಡಗು ತೋರಿಸಲು ಕರೆಯುತ್ತಿದ್ದ ದಿನಗಳಲ್ಲಿ ನಾನು ಮೂರು ಸಲ ಅದರ ಮೇಲೆ ನಿಂತಿದ್ದೇನೆ. ಮೂತಿಯ ಕಡೆಗೆ ಮುಖ ಮಾಡಿ ನಿಂತರೆ ಗೋಪುರ ಬಲಗೈಗೆ. ಎಡಕ್ಕಿದ್ದರೆ ಅದು ವಿಕ್ರಾಂತ್ ಆಗುವುದೇ ಇಲ್ಲ. ಮನೆಗೆ ಬಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ: "ಗೋಪುರ ಬಲಕ್ಕೆ ಬರಬೇಕು." ಸುಮಂಗಲಾ ಚೀಟಿ ಒಯ್ದಳು. ಗೋಪುರ ಬಲಕ್ಕೆ ಹೋಯಿತು. ಮರುದಿನ ಇನ್ನೊಂದು ಚೀಟಿ: "ಯುದ್ಧದ ಕಾಲದಲ್ಲಿ ಮೂತಿ ಮೇಲಕ್ಕೆ ಬಾಗಿರಲಿಲ್ಲ. ವಿಮಾನ ಜಿಗಿಯುವ ಆ ಏರು ಆಮೇಲೆ ಕೂರಿಸಿದ್ದು." ಮೂತಿಯೂ ಚಪ್ಪಟೆಯಾಯಿತು. ಮೂರನೆಯ ಚೀಟಿಗೆ ಪಾಟೀಲರು ನಮ್ಮ ಬಾಗಿಲಿಗೇ ಬಂದರು.

"ವಹಿನೀ, ಇದು ಯಾವ ಇಂಜಿನಿಯರನ ಅಕ್ಷರ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಸೆರಗು ಹಿಡಿದು ನಿಂತೆ. ಸುಮಂಗಲಾ ನನ್ನತ್ತ ತಿರುಗಿ, "ಏನ್ರೀ ಗಿರಿಜಕ್ಕಾರ, ಇಷ್ಟೆಲ್ಲಾ ಹೊಟ್ಟ್ಯಾಗ ಇಟ್ಕೊಂಡು ಬಾಯಿಗೆ ಬೀಗ ಹಾಕೀರಲ್ಲ!" ಎಂದು ರೇಗಿದಳು. ಆ ಮೂರನೆಯ ಚೀಟಿಯಲ್ಲಿದ್ದದ್ದು ಇಷ್ಟೇ: "ಅಡುಗೆಮನೆ ಇಲ್ಲ."

ಪಾಟೀಲರು ನಕ್ಕರು. "ಯುದ್ಧದ ಜಹಾಜು ವಹಿನೀ, ಸ್ವಯಂಪಾಕ್‌ಘರ್ ಯಾಕೆ?" ಸುಮಂಗಲಾ ಅವರ ಮರಾಠಿಯಲ್ಲೇ ತಿರುಗಿಸಿ ಕೊಟ್ಟಳು: "ನಿಮ್ಮ ಮನೆಯಲ್ಲಿ ಒಂದು ಹೊತ್ತು ಅಡುಗೆ ಆಗದಿದ್ದರೆ ಎಂಥ ಯುದ್ಧ ಆಗುತ್ತದೆ ಕಾಕಾ? ಕೇಳಲೇ ಕಾಕೂನ್ನ?" ಪಾಟೀಲರು ಕೈಮುಗಿದರು. ಅಡುಗೆಮನೆಯೂ ಆಗಲಿ ಎಂದರು. ಆದರೆ ಹಾಗೇ ಬಿಡಲಿಲ್ಲ. "ದೇಖಾವೆಯ ಜೊತೆ ಹಡಗಿನ ಕತೆಯನ್ನು ಮೈಕಿನಲ್ಲಿ ಹೇಳಿಸಬೇಕು. ನೀವೇ ಬರೆದುಕೊಡಿ" ಎಂದು ಹೊರಟೇ ಹೋದರು.

ನಾನೇನು ಬರೆದೆ ಎನ್ನುವ ಮೊದಲು ನಿಮಗೊಂದು ಹಳೆಯ ಸಂಗತಿ ಹೇಳಬೇಕು. ನನಗೆ ಅದು ಬರಿಯ ಗಣಪತಿಯ ಅಲಂಕಾರ ಆಗಿರಲಿಲ್ಲ.

ನನ್ನ ಮದುವೆ ಆದದ್ದು ಎಪ್ಪತ್ತೊಂದರ ಬೇಸಿಗೆಯಲ್ಲಿ. ಅಜ್ಜ ನೌಕಾಪಡೆಯಲ್ಲಿ ಅಡುಗೆಯವರು. ಮದುವೆಯಾದ ತಿಂಗಳಲ್ಲೇ ಹೊರಟು ಹೋದರು. ದಸರಾ ಕಳೆದ ಮೇಲೆ ಉಡುಪಿಯ ಹತ್ತಿರದ ನಮ್ಮ ಮನೆಗೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಎಲ್ಲೋ ನೀರು ಬಿದ್ದು ಶಾಯಿ ಕದಡಿತ್ತು. ಮಾವ ಕನ್ನಡಕ ಏರಿಸಿ, ಜಗಲಿಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದರು: "ನಾನು ಈಗ ವಿಶ್ರಾಂತದಲ್ಲಿದ್ದೇನೆ. ಹೊತ್ತುಹೊತ್ತಿಗೆ ಊಟ ಉಂಟು. ನೀವು ಯಾರೂ ಚಿಂತೆ ಮಾಡಬೇಡಿ." ಅಯ್ಯೋ, ಮಗನಿಗೆ ಹುಷಾರಿಲ್ಲ, ಆಸ್ಪತ್ರೆಯಲ್ಲಿ ಮಲಗಿಸಿದ್ದಾರೆ ಎಂದು ಅತ್ತೆ ಕಣ್ಣೊರೆಸಿಕೊಂಡರು. ಹೊತ್ತಿಗೆ ಊಟ ಸಿಗುತ್ತದಲ್ಲ ಎಂದು ಸಮಾಧಾನವನ್ನೂ ಮಾಡಿಕೊಂಡರು.

ಆಮೇಲೆ ಪತ್ರವನ್ನು ದೇವರ ಫೋಟೋದ ಹಿಂದೆ ಸಿಕ್ಕಿಸುವಾಗ ನಾನು ನೋಡಿದೆ. ನಾನು ಓದಿದ್ದು ಏಳನೆಯವರೆಗೆ ಮಾತ್ರ, ಆದರೆ ಒತ್ತಕ್ಷರದಲ್ಲಿ ಮೇಷ್ಟ್ರು ನನ್ನ ಕೈ ಪಳಗಿಸಿದ್ದರು. ಅದು ಶ್ರಾ ಅಲ್ಲ, ಕ್ರಾ. ವಿಕ್ರಾಂತದಲ್ಲಿದ್ದೇನೆ! ಮಾವನವರು ಓದಿದ್ದು ತಪ್ಪು ಎಂದು ಆರು ತಿಂಗಳ ಸೊಸೆ ಹೇಗೆ ಹೇಳುವುದು? ನಾಳೆ ಹೇಳೋಣ ಎಂದುಕೊಂಡೆ. ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ವಿಕ್ರಾಂತದಿಂದ ಹಾರಿದ ವಿಮಾನಗಳು ಎದುರಿನವರ ಪೂರ್ವದ ಬಂದರುಗಳ ಮೇಲೆ ಬಾಂಬು ಹಾಕಿದವು ಎಂದು ರೇಡಿಯೋ ಹೇಳಿತು. ಮನೆಯವರೆಲ್ಲ ಭಲೇ ಎಂದು ಕೇಳಿದರು, ತಮ್ಮ ಹುಡುಗ ಆಸ್ಪತ್ರೆಯಲ್ಲಿ ಕ್ಷೇಮವಾಗಿದ್ದಾನೆ ಎಂಬ ನೆಮ್ಮದಿಯಲ್ಲಿ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ನಡುಗಿದವಳು ನಾನೊಬ್ಬಳೇ. ಆಗ ಹೇಳಿದರೆ ಅತ್ತೆಯ ನಿದ್ದೆ ಹೋಗುತ್ತದೆ ಎಂದು ಸುಮ್ಮನಾದೆ. ಹೇಳುವ ಹೊತ್ತು ಹೀಗೆ ದಾಟಿತು.

ಅಜ್ಜ ರಜೆಯಲ್ಲಿ ಬಂದಾಗ ಎಲ್ಲ ಬಯಲಾಗಿ ಮನೆಯೆಲ್ಲ ನಗೆ. ಆದರೆ ಹೆಸರು ಅಂಟಿಕೊಂಡಿತು. ಅಜ್ಜನ ಅಕ್ಕ, ಸರಸು ಅತ್ತಿಗೆ, ಅದನ್ನು ಬಿಡಲೇ ಇಲ್ಲ. "ಎಂತ ಮಾರಾಯ್ತಿ, ನಿನ್ನ ವಿಶ್ರಾಂತಣ್ಣ ಹೇಗುಂಟು?" "ಗುಂಡು ಹಾರಿಸಿದವ ಅಲ್ಲ, ಪೂರಿ ಕರಿದವ. ಅದು ವಿಶ್ರಾಂತವೇ ಅಲ್ವಾ?" ಮದುವೆ, ಮುಂಜಿ, ಯಾವ ಊಟದ ಪಂಕ್ತಿಯಲ್ಲೂ ಈ ಮಾತು ತಪ್ಪಲಿಲ್ಲ. ಅಜ್ಜನೂ ಜೊತೆಗೆ ನಗುತ್ತಿದ್ದರು. ನೌಕಾಪಡೆ ಬಿಟ್ಟು ಶಹಾಡಿನ ಕಾರ್ಖಾನೆಯ ಕ್ಯಾಂಟೀನಿಗೆ ಸೇರಿದ ಮೇಲೆ ಒಂದು ದಿನ ನಾನೇ ಒಪ್ಪಿಕೊಂಡೆ, ಅವತ್ತೇ ಸರಿಯಾಗಿ ಓದಿದ್ದೆ ಎಂದು. ಅಜ್ಜ, "ಮತ್ತೆ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?" ಎಂದರು. ಬೈಗುಳವಲ್ಲ, ಬರೀ ಪ್ರಶ್ನೆ. ಅವರು ಹೋದ ಮೇಲೆ ಆ ಪ್ರಶ್ನೆ ಇನ್ನೂ ದೊಡ್ಡದಾಯಿತು.

ಹಾಗಾಗಿ ಮಕ್ಕಳೇ, ಪಾಟೀಲರು ಬರೆಯಿರಿ ಎಂದಾಗ ನಾನು ಒಲ್ಲೆ ಎನ್ನಲಿಲ್ಲ. ಮಧ್ಯಾಹ್ನ ಸಾನ್ವಿಯನ್ನು ಮಲಗಿಸಿ ಕೂತೆ. ನಾಲ್ಕು ಹಾಳೆ. ಅಜ್ಜ ಹೇಳಿದ್ದೆಲ್ಲ ಓಡೋಡಿ ಬಂತು. ದೊಡ್ಡ ಯುದ್ಧ ನಡೆಯುತ್ತಿದ್ದಾಗ ಇಂಗ್ಲೆಂಡಿನಲ್ಲಿ ಕಟ್ಟಲು ತೊಡಗಿದ ಹಡಗು ಅದು. ನೀರಿಗೆ ಇಳಿಯುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಅರ್ಧ ಕಟ್ಟಿದ ಮನೆಯ ಹಾಗೆ ಹತ್ತು ವರ್ಷ ಸುಮ್ಮನೆ ನಿಂತಿತು. ಯಾರಿಗೂ ಬೇಡವಾಗಿದ್ದುದನ್ನು ನಮ್ಮ ದೇಶ ಕೊಂಡು, ಪೂರ್ತಿ ಮಾಡಿಸಿ, ವಿಮಾನವನ್ನು ಕವಣೆ ಕಲ್ಲಿನಂತೆ ಚಿಮ್ಮಿಸುವ ಆವಿಯ ಯಂತ್ರ ಕೂರಿಸಿ, ಅರವತ್ತೊಂದರಲ್ಲಿ ಮುಂಬಯಿಗೆ ತಂದಿತು. ಅರವತ್ತೈದರ ಯುದ್ಧದಲ್ಲಿ ಅದು ರಿಪೇರಿಗೆ ನಿಂತಿದ್ದರೂ, ಅದನ್ನು ಮುಳುಗಿಸಿಬಿಟ್ಟೆವು ಎಂದು ಎದುರಿನವರು ಹೇಳಿಕೊಂಡರಂತೆ! ಎಪ್ಪತ್ತೊಂದರಲ್ಲಿ ಒಂದು ಬಾಯ್ಲರು ಬಿರುಕು ಬಿಟ್ಟಿತ್ತು. ಪೂರ್ತಿ ವೇಗದಲ್ಲಿ ಓಡುವ ಹಾಗಿರಲಿಲ್ಲ. ಆದರೂ ಬಂಗಾಳ ಕೊಲ್ಲಿಗೆ ಹೋಯಿತು, ಗೆದ್ದು ಬಂತು. ಆಮೇಲೆ ವರ್ಷಗಟ್ಟಲೆ ರಿಪೇರಿ, ಹೊಸ ಬಗೆಯ ವಿಮಾನಗಳು, ಮೂತಿಗೆ ಏರು. ತೊಂಬತ್ತೇಳರಲ್ಲಿ ನಿವೃತ್ತಿ. ಆಮೇಲೆ ವಸ್ತುಸಂಗ್ರಹಾಲಯ. ಈಗ ಗುಜರಿ.

ಎಪ್ಪತ್ತೊಂದರ ನಡುವೆ ಅಡುಗೆಮನೆ ಬರೆದೆ. ಯುದ್ಧದ ಹೊತ್ತಿನಲ್ಲಿ ಯಾರೂ ತಮ್ಮ ಜಾಗ ಬಿಟ್ಟು ಊಟಕ್ಕೆ ಬರುವಂತಿಲ್ಲ. ಪೂರಿ, ಆಲೂಗಡ್ಡೆ ಪಲ್ಯ ಸುತ್ತಿ ಇದ್ದಲ್ಲಿಗೇ ಮುಟ್ಟಿಸಬೇಕು. ಅಜ್ಜ ಇದ್ದದ್ದು ಹಡಗಿನ ಹೊಟ್ಟೆಯಲ್ಲಿ. ಆಕಾಶ ಕಾಣದು, ಸಮುದ್ರ ಕಾಣದು. ಮೇಲೆ ಒಂದೊಂದು ವಿಮಾನ ಚಿಮ್ಮಿದಾಗ ಹಡಗೆಲ್ಲ ಧಡ್ ಎನ್ನುತ್ತಿತ್ತು, ಬಾಣಲೆಯ ಎಣ್ಣೆ ನಡುಗುತ್ತಿತ್ತು. ಅಜ್ಜ ಎಣಿಸುತ್ತಿದ್ದರು. ತಿರುಗಿ ಬಂದು ಇಳಿಯುವಾಗ ಮತ್ತೆ ಧಡ್. ಮತ್ತೆ ಎಣಿಸುತ್ತಿದ್ದರು. ಹೋದಷ್ಟು ಬಂದವು ಎಂದಾದ ಮೇಲೆ, "ಎಲ್ಲ ಬಂದ್ರು, ಹಿಟ್ಟು ಕಲಸಿ" ಎನ್ನುತ್ತಿದ್ದರಂತೆ.

ಪ್ರಥಮ್, ಆ ಹಾಳೆಯನ್ನು ನಿನಗೆ ಓದಿ ಹೇಳಿದಾಗ ನಿನ್ನ ಮುಖ ಸಣ್ಣದಾಯಿತು. "ಅಜ್ಜ ಪೈಲಟ್ ನಹೀ ಥೇ? ಮೈನೇ ಸಬ್ಕೋ ಬೋಲಾ ಹೈ" ಎಂದೆ. ಅಜ್ಜ ಪೈಲಟ್ ಎಂದು ನೀನು ಎಲ್ಲರಿಗೂ ಹೇಳಿಬಿಟ್ಟಿದ್ದೆ, ನನಗೆ ಸಂಕಟವಾಯಿತು. ಆದರೆ ಬರೆದದ್ದನ್ನು ಹೊಡೆದುಹಾಕಲಿಲ್ಲ. ಅಜ್ಜನ ಹಳೆಯ ಬಿಳಿ ಕರ್ಚೀಫಿನಿಂದ ಬೆರಳುದ್ದದ ಟೋಪಿ ಹೊಲಿದು, ಅಡುಗೆಮನೆಯಲ್ಲಿ ನಿಲ್ಲಿಸುವ ಮಣ್ಣಿನ ಗೊಂಬೆಯ ತಲೆಗೆ ಇಟ್ಟೆ. ಹಡಗಿನ ಬದಿಯಲ್ಲಿ ಕಿಟಕಿ ಕೊರೆದು, ಒಳಗೆ ಸಣ್ಣ ಬಲ್ಬು ಇಟ್ಟು, ಅದರ ಗುಂಡಿ ಒತ್ತುವ ಕೆಲಸವನ್ನು ಪಾಟೀಲರು ನಿನಗೇ ಕೊಟ್ಟರು.

ಚೌತಿಯ ಸಂಜೆ. ಪಾರ್ಕಿಂಗಿನಲ್ಲಿ ಕಾಲಿಡಲು ಜಾಗವಿಲ್ಲ. ಸುತ್ತಲಿನ ಸೊಸೈಟಿಗಳ ನಡುವಿನ ದೇಖಾವೆ ಸ್ಪರ್ಧೆಯ ತೀರ್ಪುಗಾರರು ಮುಂದಿನ ಕುರ್ಚಿಗಳಲ್ಲಿ. ಐರೋಲಿಯಿಂದ ಸರಸು ಅತ್ತಿಗೆ ಬಂದಿದ್ದರು, ರೇಷ್ಮೆ ಸೀರೆಯಲ್ಲಿ, ಹೆಂಗಸರ ಸಾಲಿನಲ್ಲಿ ನನ್ನ ಪಕ್ಕದಲ್ಲೇ. ನಾನು ಬೆಳಗಿನಿಂದ ಮೋದಕದ ಹೂರಣದಲ್ಲಿ ಮುಳುಗಿದ್ದೆ, ಹಡಗಿಗೆ ಹೆಸರು ಅಂಟಿಸಿದ್ದನ್ನು ನೋಡಿರಲಿಲ್ಲ. ಪಾಟೀಲರು ಪರದೆ ಎಳೆದರು. ಗಣಪತಿ ಬಪ್ಪಾ ಮೋರಯಾ! ಹೊಳೆಯುವ ಬೂದು ಹಡಗು, ಮೇಲೆ ಆರು ವಿಮಾನ, ಮೂತಿಯ ಮೇಲೆ ಮೊಳದುದ್ದದ ನಾಗರಿ ಅಕ್ಷರಗಳು: ವಿಶ್ರಾಂತ.

ಆಗಿದ್ದು ಹೀಗೆ. ನನ್ನ ನಾಲ್ಕನೆಯ ಹಾಳೆಯ ಕೊನೆಗೆ ನಾನು, "ಇಷ್ಟು ದುಡಿದ ವಿಕ್ರಾಂತಕ್ಕೆ ವಿಶ್ರಾಂತಿ" ಎಂದು ಬರೆದಿದ್ದೆ. ಸುಮಂಗಲಾ ಅದರ ಮರಾಠಿ ಪ್ರತಿ ಮಾಡಿ, ಹಡಗಿನ ಹೆಸರಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಅಕ್ಷರ ಕತ್ತರಿಸುವವರಿಗೆ ಕೊಟ್ಟಿದ್ದಳು. ಸುತ್ತು ಪಕ್ಕದ ಪದಕ್ಕೂ ತಾಗಿ, ಅಲ್ಲಿನ ಶ್ರಾ ಹಡಗಿನ ಹೆಸರಿಗೆ ಬಂದುಬಿಟ್ಟಿತ್ತು. ಕತ್ತರಿಸಿದವರು, ಅಂಟಿಸಿದವರು, ಯಾರೂ ಗಮನಿಸಲಿಲ್ಲ. ಬರೆದದ್ದನ್ನಲ್ಲ, ತಮ್ಮ ಮನಸ್ಸಿನಲ್ಲಿದ್ದುದನ್ನೇ ಓದಿಕೊಂಡಿದ್ದರು.

ಅತ್ತಿಗೆಗೆ ಮಾತ್ರ ಕಣ್ಣು ಚುರುಕು. ಮೊಣಕೈಯಿಂದ ನನ್ನ ಪಕ್ಕೆ ತಿವಿದು, ಬಾಯಿಗೆ ಸೆರಗು ಒತ್ತಿ ನಕ್ಕರು. "ನೋಡು ಗಿರಿಜಾ, ದೇವರೆದುರೇ ಬರೆದುಬಿಟ್ಟಿದ್ದಾರೆ, ವಿಶ್ರಾಂತ! ನಾನು ಹೇಳಿದ್ದೇ ಸರಿ ಆಯ್ತಲ್ಲ!"

ಎಪ್ಪತ್ತೊಂದರ ಜಗಲಿ ಕಣ್ಣೆದುರು ಬಂತು. ಮಾವನ ಕನ್ನಡಕ, ಕದಡಿದ ಶಾಯಿ. ನಾಳೆ ಹೇಳೋಣ. ಮತ್ತೆ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?

ನಾನು ಎದ್ದು ನಿಂತೆ. ಹೆಂಗಸರ ಸಾಲು ದಾಟಿ, ಗಂಡಸರ ಸಾಲು ದಾಟಿ, ಪಾಟೀಲರ ಕೈಯಿಂದ ಮೈಕು ತೆಗೆದುಕೊಂಡೆ. "ವೋ ವಿಶ್ರಾಂತ್ ನಹೀ ಹೈ" ಎಂದೆ. ಅಷ್ಟು ದೊಡ್ಡ ಧ್ವನಿ ನನ್ನದೇ ಎಂದು ತಿಳಿಯದೆ ಹಿಂದೆ ತಿರುಗಿ ನೋಡಿದೆ. "ವಿಕ್ರಾಂತ್ ಹೈ. ಶ್ರಾ ನಹೀ. ಕ್ರಾ. ಕ್ರಾ! ಕ್ರಾ!"

ಮಕ್ಕಳೆಲ್ಲ ನಾನು ಕಾಗೆಯನ್ನು ಕರೆಯುತ್ತಿದ್ದೇನೆ ಎಂದುಕೊಂಡು ತಾವೂ "ಕ್ರಾ, ಕ್ರಾ" ಎಂದು ಕೂಗಿದರು. ನಗೆಯ ಅಲೆ ಎದ್ದಿತು. ಬೇರೆ ದಿನವಾಗಿದ್ದರೆ ನಾನು ನೆಲಕ್ಕಿಳಿದು ಹೋಗುತ್ತಿದ್ದೆ. ಅವತ್ತು ನಾನೂ ನಕ್ಕೆ, ಆ ಅಕ್ಷರದ ಕಡೆಗೆ ಚಾಚಿದ್ದ ಬೆರಳನ್ನು ಮಾತ್ರ ಇಳಿಸಲಿಲ್ಲ. ಪಾಟೀಲರು ಓದಿದರು, ಹಣೆ ಚಚ್ಚಿಕೊಂಡರು. "ಅರೆ ದೇವಾ!"

ಆಮೇಲಿನದು ನೋಡಬೇಕಿತ್ತು! ತೀರ್ಪುಗಾರರಿಗೆ ಚಹಾ ಕೊಟ್ಟು ಕೂರಿಸಿದರು. ಉಳಿದ ಥರ್ಮಾಕೋಲಿನ ತುಂಡಿನಲ್ಲಿ ಪಾಟೀಲರೇ ಬ್ರೆಡ್ಡಿನ ಚಾಕುವಿನಿಂದ ಹೊಸ ಅಕ್ಷರ ಕೊಯ್ದರು. ಸುಮಂಗಲಾ, "ಸರೀರಿ, ಸರೀರಿ, ಅಂಟು ಬರ್ತೈತಿ!" ಎಂದು ದಾರಿ ಮಾಡಿಸಿದಳು. ಉಳಿದಿದ್ದ ಅಂಟನ್ನು ಮೇಲೆ ಬೆಚ್ಚಗೆ ಮಾಡಿ ತಂದು, ಸ್ಟೂಲು ಹತ್ತಿ, ಶ್ರಾ ಕಿತ್ತು, ಕ್ರಾ ನಾನೇ ಅಂಟಿಸಿದೆ. ಸ್ವಲ್ಪ ಸೊಟ್ಟಗೆ ಕೂತಿತು. ಚಿಮ್ಮಲು ಹೊರಟ ವಿಮಾನದ ಹಾಗೆ ಮೇಲಕ್ಕೆ.

ಸ್ಟೂಲು ಇಳಿದವಳು ಮತ್ತೆ ಮೈಕು ಹಿಡಿದು ಸುಮಂಗಲಾಳ ಮುಂದೆ ಚಾಚಿದೆ. ಮರಾಠಿ ಪ್ರತಿಯನ್ನು ಸುಮಂಗಲಾ ಓದಿದಳು. ಎಪ್ಪತ್ತೊಂದು ಬಂದಾಗ ನಾನು ಗಣಪತಿಗೆ ಬಾರಿಸಲು ಬಂದಿದ್ದ ಢೋಲಿನವರಿಗೆ ಕೈ ಮಾಡಿದೆ. ಒಂದು ವಿಮಾನಕ್ಕೆ ಒಂದು ಪೆಟ್ಟು ಎಂದೆ. ಧಡ್! ಜನ ತಾವಾಗಿಯೇ ಎಣಿಸತೊಡಗಿದರು: ಏಕ್, ದೋನ್, ತೀನ್... ಸಹಾ. ಆರೂ ಹೋದವು. ಸುಮಂಗಲಾ ಓದುವುದನ್ನು ನಿಲ್ಲಿಸಿದಳು. ಆಮೇಲೆ ಹಿಂತಿರುಗುವ ಪೆಟ್ಟುಗಳು. ಐದು ಆದ ಮೇಲೆ ಢೋಲಿನವನು ಬೇಕೆಂದೇ ತಡೆದ. ನನ್ನ ಪಾಡಿಗೆ ನಾನು ಎಪ್ಪತ್ತೊಂದರಲ್ಲೇ ಇದ್ದೆ, ಬಾಗಿಲ ಹಿಂದೆ. ಧಡ್! ಸಹಾ! ಎಂದು ಕಟ್ಟಡವೇ ಕೂಗಿತು. ಅದೇ ಕ್ಷಣಕ್ಕೆ, ಪ್ರಥಮ್, ನೀನು ಗುಂಡಿ ಒತ್ತಿದೆ. ಹಡಗಿನ ಹೊಟ್ಟೆಯಲ್ಲಿ ಬೆಳಕಾಯಿತು. ಬಿಳಿ ಟೋಪಿಯ ಗೊಂಬೆ. ನೀನು ಮೈಕೂ ಇಲ್ಲದೆ ಕಿರುಚಿದೆ: "ಯೇ ಮೇರೇ ಅಜ್ಜಾ ಹೈ! ಎಲ್ಲ ಬಂದ್ರು, ಹಿಟ್ಟು ಕಲಸಿ!" ನೀನು ಜನರೆದುರು ಆಡಿದ ಮೊದಲ ಕನ್ನಡ ಅದು.

ಬಹುಮಾನ ಬಂತೇ ಎಂದು ಕೇಳಬೇಡಿ. ಪಕ್ಕದ ಸೊಸೈಟಿಯವರು ಹಿಮಾಲಯ ಕಟ್ಟಿ, ಅದರಿಂದ ಹೊಗೆ ಬಿಟ್ಟು, ಬಹುಮಾನ ಒಯ್ದರು. ಆದರೆ ಸರಸು ಅತ್ತಿಗೆ ಮೋದಕದ ತಟ್ಟೆ ಹಿಡಿದು ಆ ಪುಟ್ಟ ಕಿಟಕಿಯ ಎದುರು ತುಂಬ ಹೊತ್ತು ಬಗ್ಗಿ ನಿಂತಿದ್ದರು. ನಾನು ಹತ್ತಿರ ಹೋದಾಗ ತಿರುಗದೆಯೇ ಕೇಳಿದರು: "ಇವ ಎಣಿಸ್ತಾ ಇದ್ದ ಅಂತ ನನಗೆ ಯಾರೂ ಹೇಳ್ಲಿಲ್ಲ ಅಲ್ವಾ?"

"ನಾನು ಹೇಳ್ಬೇಕಿತ್ತು ಅತ್ತಿಗೆ" ಎಂದೆ. "ಪತ್ರದಲ್ಲೂ ಕ್ರಾ ಅಂತಲೇ ಇತ್ತು. ನಾನು ಅವತ್ತೇ ನೋಡಿದ್ದೆ."

ಅತ್ತಿಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಯ್ಯೋ ಕಳ್ಳಿ! ನಲವತ್ತು ವರ್ಷ ನನ್ನ ಬಾಯಲ್ಲಿ ತಪ್ಪು ಮಾತಾಡಿಸಿದ್ಯಲ್ಲ!" ಎಂದು ಮೋದಕವೊಂದನ್ನು ನನ್ನ ಬಾಯಿಗೆ ತುರುಕಿದರು. ಮತ್ತೆಂದೂ ಆ ಹೆಸರು ಅವರ ಬಾಯಿಂದ ಬರಲಿಲ್ಲ.

ನಿಜವಾದ ಹಡಗನ್ನು ಆ ಚಳಿಗಾಲದಲ್ಲಿ ಒಡೆಯತೊಡಗಿದರು. ಈಗ ಅದೇ ಹೆಸರಿನ ಹೊಸ ಹಡಗು ಬಂದಿದೆ. ಅದರಲ್ಲೂ ಹೊಟ್ಟೆಯೊಳಗೆ ನಿಂತು ಯಾರೋ ಎಣಿಸುತ್ತಿರಬಹುದು.

ಈ ಬರಹದ ಜೊತೆ ಆ ನಾಲ್ಕು ಹಾಳೆಗಳಿವೆ, ಅಂಚಿನಲ್ಲಿ ಒಣಗಿದ ಅಂಟು ಇರುವವು. ಅಜ್ಜನ ಇನ್‌ಲ್ಯಾಂಡ್ ಪತ್ರವೂ ಇದೆ. ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಪಾಟಿನ ಮೇಲಿನ ಅರೆಯಲ್ಲಿ, ಮಳೆಯ ತೇವ ತಾಗದ ಕಡೆ ಇಟ್ಟುಕೊಳ್ಳಿ. ಶಾಯಿ ಇನ್ನಷ್ಟು ಮಾಸುತ್ತದೆ. ಮುಂದೆ ಯಾರಾದರೂ ಅದನ್ನು ತಪ್ಪು ಓದಿದರೆ, ಅವರು ಎಷ್ಟೇ ದೊಡ್ಡವರಾಗಿರಲಿ, ನಾಳೆಗೆ ಕಾಯಬೇಡಿ. ಅಲ್ಲೇ ಹೇಳಿಬಿಡಿ. ಅದಕ್ಕಾಗಿಯೇ ಇವನ್ನು ಜೋಪಾನ ಮಾಡಿ.